ಗೊಬ್ಬರದಾಗಿನ ಗುಳಿಗೆ

ಕರಿಬಸಯ್ಯನಿಗೆ ಕೆಮ್ಮು ಬಂದದ್ದು ದೊಡ್ಡ ಮಾತಲ್ಲ. ಸಿಂಧನೂರಿನ ಡಾಕ್ಟರು ಕೊಟ್ಟ ಕೆಂಪು-ಹಳದಿ ಗುಳಿಗೆಗಳನ್ನು ತನ್ನೂರು ತುರ್ವಿಹಾಳದ ಓಣಿ ಓಣಿಗೂ ತೋರಿಸಿಕೊಂಡು ಬಂದನಲ್ಲ, ಅದು ತಪ್ಪಾಯಿತು.

ಅದಾಗಿ ಆರು ತಿಂಗಳು. ಇವತ್ತು ಅವನ ಬದನೆ ಮಡಿಗೆ ಕಾಲುವೆ ನೀರಿನ ಸರತಿ. ಹೊತ್ತು ಮುಳುಗಿದರೆ ಮತ್ತೆ ಎಂಟು ದಿನ ನೀರಿಲ್ಲ, ಸಸಿ ಉಳಿಯುವುದಿಲ್ಲ. ಗ್ರಾಮಸೇವಕ ಅಂಬಪ್ಪನ ಮಾತು ಕೇಳಿ, ಕಕ್ಕಸಿನ ಗುಂಡಿಯಲ್ಲಿ ನೆಲ್ಲುಹುಲ್ಲು, ಬೂದಿ ಬೆರೆಸಿ ಮಾಗಿಸಿದ್ದ ಗೊಬ್ಬರ ಚಹಾಪುಡಿಯಂತೆ ಉದುರುತ್ತಿತ್ತು. ಮೊದಲ ಬುಟ್ಟಿ ಮಡಿಗೆ ಸುರಿಯುವಷ್ಟರಲ್ಲಿ ಕೆಳಗಿನ ಹೊಲದ ಹಸೀನಾಬೀ ಬಂದು ಮಡಿಗೆ ನೀರು ಬಿಡುವ ಬಾಯಿಗೆ ಬೀಸುಕಲ್ಲಿನಂತೆ ಕೂತುಬಿಟ್ಟಳು.

"ಸ್ವಾಮಿ, ನೀ ನುಂಗಿದ ಗುಳಿಗಿ ಎಲ್ಲಿ ಹೋದ್ವು?"

"ಹೊಟ್ಟ್ಯಾಗ."

"ಹೊಟ್ಟ್ಯಾಗಿಂದ?"

ಕರಿಬಸಯ್ಯ ಗುಂಡಿಯ ಕಡೆ ನೋಡಿದ. ನೋಡಬಾರದಿತ್ತು.

"ನಂಗ ಗೊತ್ತಿತ್ತು! ನಿನ್ನ ಮಡಿ ನೀರು ನನ್ನ ಮೆಂತ್ಯಕ್ಕ ಇಳೀತೈತಿ. ನಿಂಗ ಕೆಮ್ಮು ಬಂದ್ರ ನನ್ನ ಮಕ್ಳು ಯಾಕ ಗುಳಿಗಿ ತಿನ್ನಬೇಕು?"

ಜನ ಸೇರಿತು. ಓಣಿಯ ವೆಂಕೋಬ ಗೊಬ್ಬರ ಕೆದಕಿ ಹಳದಿ ಚೂರೊಂದನ್ನು ಎತ್ತಿ ಹಿಡಿದ. ಅದು ಜೋಳದ ಸಿಪ್ಪೆ ಎಂದು ಕರಿಬಸಯ್ಯ ಎಷ್ಟು ಬಡಕೊಂಡರೂ ಅದು ಕೈಯಿಂದ ಕೈಗೆ ದಾಟುತ್ತ ಪೂರಾ ಗುಳಿಗೆಯೇ ಆಯಿತು.

ಸುದ್ದಿ ಕೇಳಿ ಅಂಬಪ್ಪ ಸೈಕಲ್ ತುಳಿಯುತ್ತ ಬಂದ. "ಔಷಧಿ ಡಬ್ಬಿ ಮ್ಯಾಲ ತಂಪಿನ್ಯಾಗ ಇಡ್ರಿ ಅಂತ ಬರದಿರ್ತಾರ. ಈ ಗುಂಡಿ ತಿರುವಿದಾಗ ಹೊಗಿ ಏಳ್ತಿತ್ತು. ಅಂಥಾ ಕಾವಿಗೆ ಔಷಧಿ ಸತ್ವ ಮುರದು ಹೋಗತೈತಿ."

"ಪೂರಾ ಹೋಗೈತೇನ್ರೀ? ಆಣಿ ಮಾಡ್ರಿ," ಎಂದಳು ಹಸೀನಾಬೀ.

ಅಂಬಪ್ಪ ಸುಳ್ಳು ಹೇಳದ ಮನುಷ್ಯ. "ಬಹಳಷ್ಟು ಹೋಗಿರ್ತೈತಿ. ಪೂರಾ ಅಂತ ಆಣಿ ಮಾಡಾಕ ಆಗಂಗಿಲ್ಲ."

"ಹಾಂ!" ಎಂದಿತು ಜನ.

ಹೊತ್ತು ಇಳಿಯುತ್ತಿತ್ತು. ಕರಿಬಸಯ್ಯನ ತಾಳ್ಮೆ ತಪ್ಪಿತು. "ಬಸವಣ್ಣನ ಆಣಿ, ನಾ ಒಂದು ಗುಳಿಗೀನೂ ನುಂಗಿಲ್ಲ!"

ಹೆಂಡತಿ ಯಮನೂರಮ್ಮ ಮುಂದೆ ಬಂದಳು. "ದಿನಾ ನಾನ ಕೈಯಾಗ ಕೊಟ್ಟೀನಲ್ರೀ?"

"ಅಷ್ಟು ದಪ್ಪಂದು ಗಂಟ್ಲಾಗ ಇಳೀಲಿಲ್ಲ. ನೀ ಬೈತಿ ಅಂತ ಎಮ್ಮಿ ಹಿಂಡಿಯಾಗ ಹಾಕಿದೆ."

ಯಮನೂರಮ್ಮ ಹಣೆ ಚಚ್ಚಿಕೊಂಡಳು. ಹಸೀನಾಬೀ ಮಾತ್ರ ಸೀರೆ ಕೊಡವಿ ಎದ್ದಳು. ತಡೆದಿದ್ದ ನೀರು ಗುಳುಗುಳು ಮಡಿಗೆ ನುಗ್ಗಿತು. ಕರಿಬಸಯ್ಯ ಎರಡನೇ ಬುಟ್ಟಿ ಎತ್ತಿದ.

ನಾಲ್ಕು ಹೆಜ್ಜೆ ಹೋದ ಹಸೀನಾಬೀ ಗಕ್ಕನೆ ನಿಂತಳು. "ಸ್ವಾಮಿ, ನಿಮ್ಮನ್ಯಾಗ ಎಮ್ಮಿ ಎಷ್ಟದಾವ?"

"ಒಂದ."

"ನಮ್ಮ ಓಣಿ ಮಂದಿ ಎಲ್ಲಾ ಕುಡಿಯೂದು ಅದರ ಹಾಲ ಅಲ್ಲೇನು?"

ಒಬ್ಬೊಬ್ಬರಾಗಿ ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ವೆಂಕೋಬ ಆಗಲೇ ಓಕರಿಸತೊಡಗಿದ್ದ.

"ಅಂಬಪ್ಪ ಸಾಹೇಬ್ರ, ನೀವರ ಹೇಳ್ರೀ ಇವರಿಗೆ!" ಎಂದು ಕರಿಬಸಯ್ಯ ತಿರುಗಿದ.

ಅಂಬಪ್ಪ ಅಲ್ಲಿರಲಿಲ್ಲ. ಊರಿಗೆ ಬಂದಾಗಲೆಲ್ಲ ಕರಿಬಸಯ್ಯನ ಮನೆಯ ಗಟ್ಟಿ ಹಾಲಿನ ಚಹಾ ಕುಡಿದೇ ಹೋಗುತ್ತಿದ್ದ ಆತ, ಸಿಂಧನೂರಿನ ದವಾಖಾನೆ ಕಡೆ ಹಿಂದೆ ನೋಡದೆ ಸೈಕಲ್ ತುಳಿಯುತ್ತಿದ್ದ.