ಬನಹಟ್ಟಿಯ ಹಿಮಪಾತ, ಮಗಳ ಕುಬಸ

ಈ ಸಲದ ಚಳಿಗಾಲವನ್ನು ನಾನೇ ಖುದ್ದಾಗಿ ನಡೆಸಿಕೊಡುವುದೆಂದು ತೀರ್ಮಾನಿಸಿದ್ದೆ. ನಗಬೇಡಿ. ಸಕ್ಕರೆ ಕಾರ್ಖಾನೆಯಲ್ಲಿ ದಿನವಿಡೀ ಕಬ್ಬಿನ ಟ್ರ್ಯಾಕ್ಟರು ತೂಗುವ ಗುಮಾಸ್ತನಿಗೆ ಆಕಾಶ ತೂಗುವುದು ಎಷ್ಟರ ಮಾತು! ನನ್ನ ಹೆಂಡತಿ ಬನಶಂಕರಿಯ ತಮ್ಮ ಭೀಮಶಿ ಫೌಜಿನಲ್ಲಿದ್ದಾನೆ, ಎಲ್ಲೋ ಹಿಮಾಲಯದ ಬುಡದಲ್ಲಿ. ದೀಪಾವಳಿ ರಜೆಗೆ ಬಂದಾಗ ನನ್ನ ಫೋನಿನಲ್ಲಿ ಹವಾಮಾನ ಹೇಳುವ ಆ್ಯಪ್ ಹಾಕಿಕೊಟ್ಟ. ತನ್ನಕ್ಕನಿಗೂ ಅದರಲ್ಲಿ ಏನೋ ತೋರಿಸಿಕೊಟ್ಟು ಹೋದ. ಅಕ್ಕ ತಮ್ಮನ ಮಾತು, ನಾನು ತಲೆ ಹಾಕಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ಚಹಾ ಹೀರುತ್ತ, ಓಣಿಗೆಲ್ಲ ಕೇಳುವಂತೆ ಹವಾಮಾನ ಸಾರತೊಡಗಿದೆ. "ಇವತ್ತ ಥಂಡಿ ಐತಿ" ಎನ್ನುತ್ತಿದ್ದೆ. ಥಂಡಿ ಇರುತ್ತಿತ್ತು! "ಮೂರು ಡಿಗ್ರಿ" ಎಂದೊಮ್ಮೆ ಸಾರಿದಾಗ ಎದುರು ಮನೆಯ ನೇಕಾರ ಕಾಶಪ್ಪ, "ಹೌದ್ರೀ, ಅದಕ್ಕ ಮುಂಜಾನಿಂದ ಮೊಣಕಾಲ ಹಿಡದಾವ" ಎಂದು ಆಗಲೇ ನಡುಗಿದ. ಜನರಿಗೆ ಅಂಕಿ ಕೊಟ್ಟರೆ ಸಾಕು, ರೋಗ ಅವರೇ ತಂದುಕೊಳ್ಳುತ್ತಾರೆ. ಪರದೆಯ ತುದಿಯಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರಗಳೂ ಇದ್ದವು. ನಾನು ಓದುತ್ತಿರಲಿಲ್ಲ. ಓದಲು ಚಾಳೀಸು ಹಾಕಿಕೊಳ್ಳಬೇಕಿತ್ತು, ಹಾಕಿಕೊಂಡರೆ ನನಗೆ ವಯಸ್ಸಾಗಿದೆ ಎಂದು ಪಕ್ಕದ ಮನೆಯ ಕೆಂಪವ್ವ ಊರಿಗೆಲ್ಲ ಹೇಳುತ್ತಿದ್ದಳು.

ಸಂಕ್ರಾಂತಿ ಮುಗಿದ ಮೇಲೆ ಮಗಳು ಶ್ರೀದೇವಿಯ ಕುಬಸ, ಅಂದರೆ ಸೀಮಂತ, ನಿಗದಿಯಾಗಿತ್ತು. ಚೊಚ್ಚಲ ಬಸುರಿ. ಅನಗವಾಡಿಯ ಬೀಗರು ಅವಳನ್ನು ಕರೆದುಕೊಂಡು ಬಳಗ ಸಮೇತ ಬರುವವರು. ಕುಬಸವೆಂದರೆ ನಮ್ಮಲ್ಲಿ ಹಿಟ್ಟು ಹಂಚುತ್ತಾರೆ. ಮನೆ ಮನೆಗೆ ಜೋಳದ ಹಿಟ್ಟು ಹೋಗುತ್ತದೆ, ಓಣಿಯ ಹೆಂಗಸರೆಲ್ಲ ರೊಟ್ಟಿ ಬಡಿದು ತಂದುಕೊಡುತ್ತಾರೆ. ಅವನ್ನು ಮಾಳಿಗೆಯ ಮೇಲೆ ಬಿಳೀ ಧೋತರ ಹಾಸಿ ಒಣಗಿಸಿ ಕಡಕ್ ಮಾಡುವುದು ಮಾತ್ರ ಮನೆಯವರ ಜವಾಬ್ದಾರಿ.

ರೊಟ್ಟಿ ಹರವಿದ ದಿನ ಬೆಳಿಗ್ಗೆ ಫೋನು ದೊಡ್ಡ ಅಕ್ಷರಗಳಲ್ಲಿ ಹೇಳಿತು: ಈ ವಾರ ವ್ಯಾಪಕ ಮಳೆ, ತಗ್ಗು ಪ್ರದೇಶಗಳಲ್ಲೂ ಹಿಮಪಾತ.

ನಾನು ಅಡುಗೆ ಮನೆಗೆ ಓಡಿದೆ. "ಹಿಮಾ ಬೀಳತೈತಿ!"

"ಎಲ್ಲಿ?"

"ಬನಹಟ್ಟ್ಯಾಗ."

ಬನಶಂಕರಿ ತಿರುಗಿಯೂ ನೋಡಲಿಲ್ಲ. "ರಾತ್ರಿ ಏನ ತಿಂದಿದ್ರಿ?"

"ಚಾಷ್ಟಿ ಅಲ್ಲ, ಖರೇನ. ತಗ್ಗು ಪ್ರದೇಶ ಅಂತ ಬರದಾರ. ಎತ್ತರ ಅಂದ್ರ ಜಮಖಂಡಿ ಗುಡ್ಡ. ತಗ್ಗು ಅಂದ್ರ ಯಾರು? ನಾವ. ಆಣಿಕಲ್ಲ ಬೀಳೂದಿಲ್ಲೇನು ನಮ್ಮಲ್ಲಿ? ಹಿಮ ಅದರ ತಮ್ಮ. ಜಗತ್ತಿನ ಹವಾನ ಕೆಟ್ಟೈತಿ."

"ಹವಾ ಛಲೋನ ಐತ್ರಿ. ಕೆಟ್ಟಿದ್ದು ಬ್ಯಾರೆ ಐತಿ," ಎಂದವಳೇ ಚೀಲ ಹೆಗಲಿಗೇರಿಸಿದಳು. ಬಳೆ, ಉಡಿ ಸಾಮಾನು ತರಲು ಜಮಖಂಡಿಗೆ ಹೊರಟಿದ್ದಳು, ರಾತ್ರಿ ಅಲ್ಲೇ ಅಕ್ಕನ ಮನೆಯಲ್ಲಿ ಉಳಿಯುವವಳು. ಬಾಗಿಲಲ್ಲಿ ನಿಂತು ಹೇಳಿದಳು: "ಮಾಳಿಗಿ ಮ್ಯಾಲಿನ ರೊಟ್ಟಿ ಕಡೆ ಕಣ್ಣ ಇರ್ಲಿ. ಮಂಗ್ಯಾ ಬರ್ತಾವು. ಓಣ್ಯಾನ ಹೆಂಗಸರು ಕೈ ಸುಟಗೊಂಡು ಬಡದಾರ. ಬೀಗರ ಮುಂದ ನನ್ನ ಮಾನ ಅದರಾಗ ಐತಿ, ತಿಳೀತಿಲ್ಲ?"

ಹೆಂಡತಿಯ ಮಾನ ಕಾಪಾಡಲು ಇದಕ್ಕಿಂತ ದೊಡ್ಡ ಅವಕಾಶ ಯಾವ ಗಂಡನಿಗೆ ಸಿಕ್ಕೀತು! ಆಕಾಶವೇನೋ ಬೆಳಗಿಟ್ಟ ತಾಟಿನಂತೆ ಫಳಫಳ ಹೊಳೆಯುತ್ತಿತ್ತು. ಮೋಸ ಮಾಡುವವರ ಮುಖ ಹಾಗೇ ಇರುತ್ತದೆ ಎಂದುಕೊಂಡು ಕಾರ್ಯಾಚರಣೆಗೆ ಇಳಿದೆ. ಬನಶಂಕರಿಯ ಮದುವೆಯ ಟ್ರಂಕು ಖಾಲಿ ಮಾಡಿ ಒಳಗೆ ಪ್ಲಾಸ್ಟಿಕ್ ಹಾಸಿದೆ. ಅರ್ಧ ಒಣಗಿದ್ದ ರೊಟ್ಟಿಗಳನ್ನೆಲ್ಲ ಒತ್ತಿ ಒತ್ತಿ ತುಂಬಿದೆ. ಮೇಲೊಂದು ಪ್ಲಾಸ್ಟಿಕ್, ಅದರ ಮೇಲೆ ಅಜ್ಜಿಯ ಕಾಲದ ಕೌದಿ. ಮುಚ್ಚಳ ಒತ್ತಿ ಕೀಲಿ ಹಾಕಿದೆ.

ಪಕ್ಕದ ಮಾಳಿಗೆಯಿಂದ ಕೆಂಪವ್ವ ಇಣುಕಿದಳು. ನಮ್ಮ ಕುಬಸಕ್ಕೆಂದು ಅವಳು ಬಡಿದ ಪಾಲು ಇನ್ನೂ ಅವಳ ಮಾಳಿಗೆಯಲ್ಲೇ ಒಣಗುತ್ತಿತ್ತು.

"ಏನ್ ಮಾಡಾಕತ್ತೀಯೋ ತಮ್ಮಾ?"

"ಹಿಮಾ ಬೀಳತೈತಿ, ಕೆಂಪಕ್ಕ. ನಿಮ್ಮೂ ಒಳಗ ತಗೋರಿ."

"ಹಸೀ ರೊಟ್ಟಿ ಮುಚ್ಚಿಟ್ರ ಕೆಡತಾವಲ್ಲೊ."

"ವಿಜ್ಞಾನದ ಎದುರ ಮಾತಾಡಬ್ಯಾಡ್ರಿ."

ಕೆಂಪವ್ವ ಆಕಾಶ ನೋಡಿದಳು, ನನ್ನನ್ನು ನೋಡಿದಳು, ಲೊಚಗುಟ್ಟಿ ಕೆಳಗಿಳಿದಳು. ಪಾಪ, ಕಾಶಪ್ಪ ಮಾತ್ರ ನಂಬಿದ. ಬಣ್ಣ ಹಾಕಿ ಬಿಸಿಲಿಗೆ ತೂಗುಹಾಕಿದ್ದ ನೂಲನ್ನೆಲ್ಲ ಹಸಿಯಾಗಿಯೇ ಮಗ್ಗದ ಕೋಣೆಗೆ ಹೊತ್ತ. ಮರುದಿನ ಕೆಮ್ಮುತ್ತ ಮತ್ತೆ ಹೊರಗೆ ಹೊತ್ತು ತಂದ. ಆಮೇಲೆ ಅವನ ಮೊಣಕಾಲಿನ ಸುದ್ದಿ ನನಗೆ ತಿಳಿಯಲಿಲ್ಲ, ಮಾತು ಬಿಟ್ಟಿದ್ದ.

ಬಸುರಿ ಮಗಳ ಚಿಂತೆಯಿಂದ ಬೀಗರಾದ ಮಹಾಲಿಂಗಪ್ಪನವರಿಗೂ ಫೋನು ಹಚ್ಚಿದೆ. "ಬೆಚ್ಚಗ ಹಾಕ್ಕೊಂಡು ಬರ್ರಿ. ಹಿಮಾ ಬೀಳೂದೈತಿ."

"ಹಿಮಾನ? ಅನಗವಾಡ್ಯಾಗೂ ಬೀಳತೈತೇನ್ರಿ ಬೀಗರ?"

"ಹೊಳಿ ದಂಡಿ ಮ್ಯಾಲೆ ಅದೀರಿ. ನಿಮಗ ಒಂದು ತೂಕ ಹೆಚ್ಚ."

ಮರುದಿನ ಸಂಜೆ ಬನಶಂಕರಿ ಬಂದಳು. ಟ್ರಂಕು ನೋಡಿ ಹುಬ್ಬೇರಿಸಿದಳು. "ರೊಟ್ಟಿ ಪೂರಾ ಒಣಗಿದ್ವೇನ್ರಿ?"

"ಕಡಕ್ ಅಂದ್ರ ಕಡಕ್. ಮುಚ್ಚಳಾ ತಗೀಬ್ಯಾಡ, ಥಂಡಿ ಹೊಕ್ಕೀತು."

ನಂಬಿಬಿಟ್ಟಳು. ಮದುವೆಯಾದಾಗಿನಿಂದ ಅವಳು ನನ್ನ ಮಾತನ್ನು ಎರಡನೆಯ ಸಲ ಕೇಳದೆ ನಂಬಿದ್ದು ಅದೊಂದೇ ಬಾರಿ. ಆಮೇಲಿನ ದಿನಗಳಲ್ಲಿ ಬಿಸಿಲು ಹೇಗೆ ಬಿದ್ದಿತೆಂದರೆ ಮಾಳಿಗೆಯ ಮೇಲೆ ಬರಿಗಾಲಿಡುವಂತಿರಲಿಲ್ಲ. "ಎಲ್ಲೈತ್ರಿ ಹಿಮಾ?" ಎಂದು ಓಣಿ ಕೇಳಿದಾಗಲೆಲ್ಲ, "ದಾರಿ ಮ್ಯಾಲೈತಿ" ಎಂದು ಬಸ್ ನಿಲ್ದಾಣದವರ ಧಾಟಿಯಲ್ಲಿ ಉತ್ತರಿಸಿದೆ.

ಕುಬಸದ ದಿನ ಬೆಳಿಗ್ಗೆ ಅವಳು ಟ್ರಂಕು ತೆಗೆದಳು. ಹೋಗಿ ನೋಡಿದರೆ ಮೇಲಿಂದ ತಳದವರೆಗೆ ರೊಟ್ಟಿ ಮೆತ್ತಗಾಗಿ, ಒಂದಕ್ಕೊಂದು ಅಂಟಿ, ಬಿಳೀ ಬೂಷ್ಟು ಹಿಡಿದಿದ್ದವು. ಬನಶಂಕರಿ ಒಂದನ್ನು ಎತ್ತಿದಳು, ಅದು ಒದ್ದೆ ಅರಿವೆಯಂತೆ ಜೋತುಬಿತ್ತು. ಅವಳ ಕಣ್ಣು ತುಂಬಿತು.

"ಓಣ್ಯಾನವ್ರಿಗೆ ಯಾವ ಮಾರಿ ತೋರಸ್ಲಿ? ಬೀಗರಿಗೆ ಏನ್ ನೀಡ್ಲಿ? ಮಗಳ ಚೊಚ್ಚಲ ಕುಬಸಾರಿ ಇದು."

ನನಗೆ ನಿಜಕ್ಕೂ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಗುಮಾಸ್ತನ ಬುದ್ಧಿ, ತಪ್ಪು ಮೇಲಿನವರದು ಎಂದು ತೋರಿಸಬೇಕಲ್ಲ. ಫೋನು ತೆರೆದು ಮುಂದೆ ಹಿಡಿದೆ. "ನೋಡು, ಇವತ್ತೂ ಹಿಮಾ ಅಂತನ ತೋರಸಾಕತ್ತೈತಿ. ನಾ ಏನ್ ಮಾಡ್ಲಿ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಪರದೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಇದು ನನ್ನ ತಮ್ಮನ ಕ್ಯಾಂಪಿನ ಹವಾ."

"ಆಂ?"

ಬೆರಳಿನಿಂದ ಪರದೆಯನ್ನು ಪಕ್ಕಕ್ಕೆ ಸರಿಸಿದಳು. ಹಳದಿ ಸೂರ್ಯ ಹಲ್ಲು ಕಿರಿದ. "ಇದು ಬನಹಟ್ಟಿ. ಎರಡೂ ಊರು ಹಾಕಿ ಕೊಟ್ಟಾನ ಭೀಮಶಿ. ಅವಾ ಥಂಡ್ಯಾಗ ಹೆಂಗ ಅದಾನೋ ಅಂತ ದಿನಾ ಮುಂಜಾನಿ ನಿಮ್ಮ ಫೋನಿನ್ಯಾಗ ನಾ ನೋಡಿ ಇಡತೇನಿ. ನಿನ್ನಿ ಫೋನ್ ಮಾಡಿದ್ದ, ಮಳಿ ಆಗಿ ಗೇಣುದ್ದ ಹಿಮಾ ಬಿದ್ದೈತಂತ."

ಅಂದರೆ ದೀಪಾವಳಿಯಿಂದ ನಾನು ಕಟ್ಟೆಯ ಮೇಲೆ ಕೂತು ಬನಹಟ್ಟಿಗೆ ಹಿಮಾಲಯದ ಹವಾಮಾನ ಸಾರಿದ್ದೆ, ಓಣಿ ಅದಕ್ಕೆ ತಕ್ಕಂತೆ ನಡುಗಿತ್ತು! ತಮ್ಮನ ಮೇಲಿನ ಅವಳ ಮಮತೆ ಕಂಡು ನನಗೂ ಪಾಪ ಅನ್ನಿಸಿತು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು.

"ನೋಡಿದ ಮ್ಯಾಲೆ ತಿರುಗಿ ನಮ್ಮೂರಿಗೆ ತಂದು ಇಡಬೇಕಿಲ್ಲೇನ ನೀನು?" ಎಂದೆ.

"ನಮ್ಮೂರ ಹವಾ ನೋಡಾಕ ಫೋನ್ ಯಾಕ ಬೇಕ್ರಿ?" ಎಂದಳು. "ಬಾಗಲಾ ತಗದ್ರ ಕಾಣತೈತಿ."

ಆ ಹೊತ್ತಿಗೆ ತೆರೆದ ಬಾಗಿಲಲ್ಲಿ ಕೆಂಪವ್ವ ಕಂಡಳು, ತಲೆಯ ಮೇಲೆ ಬುಟ್ಟಿ. ಅವಳ ಪಾಲಿನ ರೊಟ್ಟಿ ಪಾಪಡಿಯಂತೆ ಒಣಗಿದ್ದವು. ಟ್ರಂಕಿನ ಕಡೆ ಮೂಗು ತಿರುಗಿಸಿದವಳೇ ಎಲ್ಲ ತಿಳಿದುಕೊಂಡು, "ಅಳಬ್ಯಾಡ ಬನಶಂಕ್ರಿ. ನಿನ್ನ ಗಂಡ ವಿಜ್ಞಾನ ಅಂದಾಗನ ನಾ ಓಣಿಗೆ ಹೇಳಿ ಇಟ್ಟೇನಿ, ಮನ್ಯಾಗಿನ ರೊಟ್ಟಿ ಯಾರೂ ತಿಂದು ಖಾಲಿ ಮಾಡಬ್ಯಾಡ್ರಿ ಅಂತ" ಎಂದಳು. ಅರೆಗಳಿಗೆಯಲ್ಲಿ ಮನೆ ಮನೆಯಿಂದ ರೊಟ್ಟಿಯ ಬುಟ್ಟಿ ಬಂದವು. ಮಾತು ಬಿಟ್ಟಿದ್ದ ಕಾಶಪ್ಪನ ಮನೆಯಿಂದಲೂ ಬಂತು. ಬುಟ್ಟಿ ಇಸಿದುಕೊಳ್ಳಲು ನಾನು ಕೈ ಚಾಚಿದರೆ, "ನೀವು ಬ್ಯಾಡ್ರಿ" ಎಂದು ಕಾಶಪ್ಪನ ಹೆಂಡತಿ ನನ್ನನ್ನು ಸುತ್ತುಹಾಕಿ ಒಳಗೆ ಹೋದಳು.

ಮಟಮಟ ಮಧ್ಯಾಹ್ನ ಬೀಗರ ಟೆಂಪೋ ಬಂದು ನಿಂತಿತು. ಮಹಾಲಿಂಗಪ್ಪನವರು ಕೋಟು, ಮಫ್ಲರು ಧರಿಸಿ ಇಳಿದರು. ಅವರ ಹೆಂಡತಿ ಭಾಗವ್ವ ಇಳಕಲ್ ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಶಾಲು, ತಲೆಗೆ ಮಂಕಿ ಟೋಪಿ. ಹಿಂದೆ ಇಡೀ ಬಳಗ ಅದೇ ಸಮವಸ್ತ್ರದಲ್ಲಿ ಬೆವರು ಸುರಿಸುತ್ತ ಇಳಿಯಿತು. ಕೊನೆಗೆ ಕಂಬಳಿ ಹೊದಿಸಿಕೊಂಡು ಇಳಿದ ಶ್ರೀದೇವಿ, "ಅಪ್ಪಾ, ನೀ ಇನ್ನ ಫೋನ್ ಮುಟ್ಟಬ್ಯಾಡ" ಎಂದಳು. ಓಣಿ ಬಿದ್ದು ಬಿದ್ದು ನಕ್ಕಿತು.

ಕುಬಸ ಚೆನ್ನಾಗಿಯೇ ಆಯಿತು. ಪಂಕ್ತಿಯಲ್ಲಿ ಭಾಗವ್ವ ಕಡಕ್ ರೊಟ್ಟಿ ಮುರಿದು ಎಣ್ಣೆಗಾಯಿಗೆ ಹಚ್ಚಿ, "ಏನ್ ರೊಟ್ಟಿರಿ ಬೀಗತಿ, ಹೊಡದ್ರ ಸಪ್ಪಳಾ ಮಾಡತಾವು" ಎಂದು ಹೊಗಳಿದಳು. ಬನಶಂಕರಿಯ ಮುಖದಲ್ಲಿ ನಗೆ ಮೂಡಿದ್ದನ್ನು ಕಂಡು ನಾನು ನೀರು ನೀಡುವ ನೆಪದಲ್ಲಿ ಮೆಲ್ಲಗೆ ಹತ್ತಿರ ಸುಳಿದೆ. ಅದೇ ತಪ್ಪಾಯಿತು. ಭಾಗವ್ವ ಮಂಕಿ ಟೋಪಿ ಕಿತ್ತು ಗಾಳಿ ಬೀಸಿಕೊಳ್ಳುತ್ತ ಕೇಳಿದಳು:

"ಅಲ್ಲರಿ ಬೀಗರ, ಇಷ್ಟೆಲ್ಲಾ ಹೊತಗೊಂಡು ಬಂದೇವಿ. ಎಲ್ಲೈತ್ರಿ ನಿಮ್ಮ ಹಿಮಾ?"

ನಾನು ತಂಬಿಗೆ ಹಿಡಿದುಕೊಂಡು ಆಕಾಶ ನೋಡಿದೆ.

ಬನಶಂಕರಿ ಭಾಗವ್ವನ ತಾಟಿಗೆ ಇನ್ನೊಂದು ರೊಟ್ಟಿ ನೀಡುತ್ತ ಹೇಳಿದಳು: "ಬಿದ್ದೈತ್ರಿ. ನಮ್ಮವ್ರು ಸುಳ್ಳ ಹೇಳೂ ಮಂದಿ ಅಲ್ಲ. ಕರಗಬಾರದಂತ ಒಳಗ ಟ್ರಂಕಿನ್ಯಾಗ ಕೀಲಿ ಹಾಕಿ ಇಟ್ಟಾರ. ಊಟಾ ಮುಗಸ್ರಿ, ತೋರಸ್ತೇನಿ. ತಗ್ಗಿನ್ಯಾಗನ ಜಾಸ್ತಿ ಬಿದ್ದೈತಿ, ತಳದ ರೊಟ್ಟಿ ಮ್ಯಾಲೆ."