ವಕೀಲಕಿ ಬಿಟ್ಟ ತಮ್ಮ

ಒಂದು ಕೆಲಸಕ್ಕೆ ನಾಲ್ಕು ಹೆಸರಿದ್ದರೆ ಮನುಷ್ಯ ತನಗೆ ಒಪ್ಪುವುದನ್ನು ಬಿಟ್ಟು, ಮಂದಿಯ ಕಣ್ಣಿಗೆ ದೊಡ್ಡದಾಗಿ ಕಾಣುವುದನ್ನೇ ಆರಿಸುತ್ತಾನೆ. ನಾನೂ ಆರಿಸಿದೆ. ನನ್ನ ತಮ್ಮ ಶಿವು ಅಥಣಿಯ ಕೋರ್ಟಿನಲ್ಲಿ ಕೆಲವು ವರ್ಷ ವಕೀಲನಾಗಿದ್ದವನು. ನಮ್ಮ ಕಡೆಯ ಕನ್ನಡದವರಿಗೂ ಮರಾಠಿಯವರಿಗೂ ಅವನು ‘ವಕೀಲ ಸಾಹೇಬ’. ಆದರೆ ತುಮಕೂರಿನ ಹೆಣ್ಣಿನ ಮನೆಗೆ ಕಳಿಸಿದ ಬಯೊಡೇಟಾದಲ್ಲಿ, ಧಾರವಾಡದಲ್ಲಿ ಎಂ.ಎ. ಓದಿದ ಅಕ್ಕನಾದ ನಾನು ‘ನ್ಯಾಯವಾದಿ’ ಎಂದು ಬರೆದೆ. ವಕೀಲ ಎಂಬ ಮಾತಿಗೆ ಕಬ್ಬಿನ ಟ್ರ್ಯಾಕ್ಟರಿನ ಧೂಳು ಮೆತ್ತಿದೆ ಎಂದು ಆಗ ಅನ್ನಿಸಿತ್ತು. ಅಥವಾ ಈಗ ನೆಪ ಕಟ್ಟುತ್ತಿದ್ದೇನೋ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ಹುಡುಗಿಯನ್ನು ಶಿವು ನಿಪ್ಪಾಣಿಯ ಒಂದು ಮದುವೆಯಲ್ಲಿ ನೋಡಿ ಮೆಚ್ಚಿದ್ದ. ಅಂದಿನಿಂದ ದ್ರಾಕ್ಷಿ ತೋಟಕ್ಕೂ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತಿದ್ದ. ಕೋರ್ಟು ಬಿಟ್ಟು ತೋಟ ಹಿಡಿದದ್ದನ್ನು ಮುಚ್ಚಿಡಬಾರದೆಂದು ಅವನೇ ಹೇಳಿದ್ದ. ಹಾಗಾಗಿ ಹುಡುಗಿಯ ತಾಯಿ ಫೋನು ಮಾಡಿದಾಗ ನಾನು ಪ್ರಾಮಾಣಿಕತೆಗೆ ಇಳಿದೆ. ಸಂಭ್ರಮದಲ್ಲಿ ಪುಸ್ತಕದ ಭಾಷೆ ಕೈಕೊಟ್ಟಿತು.

“ಒಂದ ಮಾತ ಮೊದಲ ಹೇಳಬೇಕ್ರಿ. ಶಿವು ಹ್ವಾದ ವರ್ಷ ವಕೀಲಕಿ ಬಿಟ್ಟಾನ್ರಿ.”

ನಮ್ಮಲ್ಲಿ ಮಾಸ್ತರನ ಕೆಲಸ ಮಾಸ್ತರಕಿ, ವಕೀಲನ ಕೆಲಸ ವಕೀಲಕಿ. ತುಮಕೂರು ಮುಟ್ಟುವಷ್ಟರಲ್ಲಿ ಅದು ಒಬ್ಬ ಹೆಂಗಸಾಗುತ್ತದೆಂದು ನನಗೇನು ಗೊತ್ತು?

“ಯಾಕಮ್ಮಾ ಬಿಟ್ರು?” ಅವರ ದನಿ ಇಳಿದಿತ್ತು.

“ಬ್ಯಾಸರ ಬಂತಂತ್ರಿ. ಮನ್ಯಾಗೂ ಯಾರಿಗೂ ಸೇರತಿರಲಿಲ್ಲ.”

“ಈಗ ಪೂರ್ತಿ ಬಿಟ್ಟಿದ್ದಾರಾ?”

“ಪೂರಾ ಅಂತ ಹ್ಯಾಂಗ ಅನ್ನೂದ್ರಿ? ಅಥಣ್ಯಾಗ ಒಂದ ರೂಮ್ ಇನ್ನೂ ಇಟ್ಟಾನ. ಆಗಾಗ ಹೋಗಿ ಬರ್ತಾನ.”

“ಆಗ್ಲಮ್ಮಾ, ಹೇಳಿ ಕಳಿಸ್ತೀವಿ” ಎಂದು ಅವರು ಫೋನಿಟ್ಟರು. ನನ್ನ ಸತ್ಯವಂತಿಕೆಗೆ ಬೆರಗಾದರು ಎಂದುಕೊಂಡೆ.

ವಾರದಲ್ಲಿ, ಜಾತಕ ಕೂಡಲಿಲ್ಲ ಎಂಬ ಉತ್ತರ ಬಂತು. ಹುಡುಗಿಗೆ ಬೇರೆ ಕಡೆ ನಿಶ್ಚಯವಾದ ಮೇಲೆ, ಈ ಸಂಬಂಧ ತಂದಿದ್ದ ಏಕಸಂಬಿಯ ಕಾಕಾ ಬಂದು ತಲೆ ಚಚ್ಚಿಕೊಂಡರು. “ಏನ್ ಹೇಳಿದಿ ಬೇ ಅವರಿಗೆ? ನಿಮ್ಮ ಹುಡುಗ ಯಾರೋ ವಕೀಲಕೀನ ಇಟ್ಕೊಂಡಿದ್ನಂತಲ್ಲ!” ಬಯೊಡೇಟಾದಲ್ಲಿ ವಕೀಲ ಎಂದಿದ್ದರೆ ಆ ತಾಯಿಗೆ ಅರ್ಥವಾಗುತ್ತಿತ್ತೇನೋ. ನ್ಯಾಯವಾದಿಗೂ ವಕೀಲಕಿಗೂ ಅವರು ಹೇಗೆ ನಂಟು ಹಚ್ಚಬೇಕು?

ಶಿವುಗೆ ಹೇಳಿದೆ. ಬಯ್ಯಲೆಂದು ಕಾದೆ. ಅವನು ನಕ್ಕುಬಿಟ್ಟ. “ಹೋಗ್ಲಿ ಬಿಡಕ್ಕಾ. ನನ್ನ ಹಿಂದ ಒಬ್ಬಾಕಿ ಇದ್ದಳಂತ ತುಮಕೂರಾಗಾದ್ರೂ ನಂಬ್ಯಾರಲ್ಲ!” ಬೈದಿದ್ದರೆ ಹಗುರಾಗುತ್ತಿತ್ತು.

ಮೊನ್ನೆ ರಾಯಬಾಗದಿಂದ ಹೊಸ ಸಂಬಂಧದ ಫೋನು ಬಂತು. ನಾನು ಎತ್ತುವ ಮೊದಲೇ ಅವನು ತೆಗೆದುಕೊಂಡು, “ಅಕ್ಕಾ, ನೀ ಚಹಾ ಮಾಡು ಹೋಗು” ಎಂದ. ಎಂ.ಎ. ಆದಮೇಲೆ ಇಷ್ಟು ವಿಧೇಯಳಾಗಿ ಒಳಗೆ ಹೋದದ್ದು ಅದೇ ಮೊದಲು. “ದ್ರಾಕ್ಷಿ ಬೆಳಿತೀನ್ರಿ” ಎನ್ನುತ್ತಿದ್ದ. ಕೋರ್ಟಿನ ಸುದ್ದಿಯನ್ನೇ ಎತ್ತಲಿಲ್ಲ. ದನಿಯಲ್ಲಿ ಮೊದಲಿನ ಆಸೆ ಇರಲಿಲ್ಲ. ನಿಜಕ್ಕೂ ಇರಲಿಲ್ಲವೋ, ನಾನೇ ಹಾಗೆ ಕಲ್ಪಿಸಿಕೊಂಡೆನೋ ಎಂದು ಕಿವಿಗೊಟ್ಟು ನಿಂತೆ. ಹಾಲು ಉಕ್ಕಿ ಒಲೆ ಆರಿತು.