ಫ್ಯಾನಿನ ಕೆಳಗೆ ಸಂಧಾನ

ಬಾಯಿಬಿಟ್ಟು ಮಾತಾಡಿದರೆ ಎಲ್ಲ ಸರಿಹೋಗುತ್ತೆ ಅನ್ನುವವರು ನಮ್ಮ ಆಫೀಸಿಗೆ ಒಮ್ಮೆ ಬರಬೇಕು. ಇಲ್ಲಿ ಕೆಡುವುದೇ ಮಾತು ಶುರುವಾದ ಮೇಲೆ.

ಮುಂಬಯಿಯ ಘಾಟ್ಕೋಪರ್ ಸ್ಟೇಷನ್ ಹತ್ತಿರ, ನೀರು ಶುದ್ಧ ಮಾಡುವ ಮೆಷಿನ್ ಮಾರುವ ಕಂಪನಿ ನಮ್ಮದು. ಫೋನ್ ಎತ್ತುವವಳು ನಾನು. ನನ್ನ ಎಡಕ್ಕೆ ಮೈಸೂರು ಕಡೆಯ ಅಕೌಂಟೆಂಟ್, ಬಲಕ್ಕೆ ವಿಜಯಪುರದ ಕಡೆಯ ಸರ್ವಿಸ್ ಹೆಡ್. ಇಬ್ಬರ ತಲೆಯ ಮೇಲೂ ಒಂದೇ ಫ್ಯಾನು. ಲೋಕಲ್ ಟ್ರೇನಿನಲ್ಲಿ ಬೆವೆತು ಬರುವ ಸರ್ವಿಸ್ ಹೆಡ್‌ಗೆ ಅದು ಜೋರಾಗಿ ತಿರುಗಬೇಕು. ಅಕೌಂಟೆಂಟರಿಗೆ ಕಾಗದ ಹಾರಬಾರದು. ದಿನಾ ಜಗಳ. "ಇನ್ನೊಮ್ಮೆ ಕೇಳಿಸಿದರೆ ಇಬ್ಬರಲ್ಲಿ ಒಬ್ಬರಿಗೆ ನಾಗಪುರಕ್ಕೆ ವರ್ಗ" ಎಂದು ಹೆಡ್ ಆಫೀಸು ಎಚ್ಚರಿಸಿತು. ಹೆಂಡತಿ ಮಕ್ಕಳೆಲ್ಲ ಇಲ್ಲೇ ಇದ್ದಾರೆ, ಇಬ್ಬರೂ ಹೆದರಿದರು. ಹೆದರಿ, ಮೆಲುದನಿಯಲ್ಲಿ ಬೈದಾಡತೊಡಗಿದರು.

ಫೀಲಿಂಗ್ ಹೇಳಿ

ಸಂಧಾನಕ್ಕೆ ಎಚ್.ಆರ್. ಹುಡುಗಿ ಬಂದಳು. ಮಾಟುಂಗದಲ್ಲೇ ಹುಟ್ಟಿ ಬೆಳೆದ ಕನ್ನಡತಿ. ಕನ್ನಡ ಅರ್ಥವಾಗುತ್ತೆ, ಬಾಯಿಗೆ ಬರುವುದು ಅರ್ಧ.

"ಅಂಕಲ್, ಝಗಡಾ ಬೇಡ. ಬ್ಲೇಮ್ ಮಾಡ್ಬೇಡಿ. ಸಿರ್ಫ್ ನಿಮ್ಮ ಫೀಲಿಂಗ್ ಹೇಳಿ."

ಅಕೌಂಟೆಂಟ್ ಕನ್ನಡಕ ಒರೆಸಿಕೊಂಡರು. "ಇವರನ್ನ ನೋಡಿದಾಗಲೆಲ್ಲ ಇವರನ್ನ ಹೆತ್ತ ತಾಯಿ ಮೇಲೆ ನನಗೆ ಕನಿಕರ ಹುಟ್ಟುತ್ತೆ."

"ಕನಿಕರ ಮತ್ಲಬ್?" ಹುಡುಗಿ ನನ್ನ ಕಡೆ ನೋಡಿದಳು.

"ಸಿಂಪಥಿ," ಅಂದೆ. ಸುಳ್ಳೇನಲ್ಲವಲ್ಲ!

"ವಾವ್ ಅಂಕಲ್!" ಅವಳು ಚಪ್ಪಾಳೆ ತಟ್ಟಿ ಸರ್ವಿಸ್ ಹೆಡ್‌ನತ್ತ ತಿರುಗಿದಳು. "ಈಗ ನೀವು?"

ಅವರು ಅಂಗಿಯ ತೋಳು ಮಡಚಿದರು. "ನನಗೂ ಫೀಲಿಂಗ್ ಭಾಳ ಅದಾವ್ರಿ. ಬಾಯಿಲೆ ಹೇಳಾಕ ಬರಂಗಿಲ್ಲ. ಕೈಲೆ ಹೇಳ್ಲೇನ್ರಿ?"

ಕೇಳಿದ್ದನ್ನು ತಿರುಗಿ ಹೇಳಿ

ಎದುರಿನವರು ಹೇಳಿದ್ದನ್ನು ನಾವು ತಿರುಗಿ ಹೇಳಿದರೆ ಅವರ ಸಿಟ್ಟು ಇಳಿಯುತ್ತಂತೆ. ಇದು ಮುಂದಿನ ಪಾಠ. ಫೋನಿನಲ್ಲೂ ಹಾಗೇ ಮಾಡಬೇಕೆಂದು ಮ್ಯಾನೇಜರು ನನಗೆ ತಾಕೀತು ಮಾಡಿದರು. ಅಷ್ಟರಲ್ಲೇ ಒಬ್ಬ ಗಿರಾಕಿಯ ಫೋನು, ಬಾಯಿಗೆ ಬಂದಂತೆ ಬೈಗುಳ.

"ಅಂದರೆ, ನಮ್ಮ ಮೆಷಿನ್ ನೀರಿಗಿಂತ ಗಟಾರದ ನೀರೇ ವಾಸಿ ಅಂತೀರಿ?" ಎಂದೆ.

"ಹೌದು." ದನಿ ಸ್ವಲ್ಪ ತಗ್ಗಿತು.

"ನಮ್ಮದು ಕಳ್ಳರ ಕಂಪನಿ ಅಂತೀರಿ?"

"ಕರೆಕ್ಟ್!" ಎಂದರು ಖುಷಿಯಾಗಿ.

ಪಾಠ ಫಲಿಸಿತು ಎಂಬ ಹುರುಪಿನಲ್ಲಿ ತಲೆಯೆತ್ತಿದರೆ ಎದುರಿಗೆ ಮ್ಯಾನೇಜರು. ಪಕ್ಕದಲ್ಲಿ, ಮೆಷಿನ್ ಕೊಳ್ಳಲು ಬಂದಿದ್ದ ಹೌಸಿಂಗ್ ಸೊಸೈಟಿ ಸೆಕ್ರೆಟರಿ.

"ಇಷ್ಟು ನಿಜ ಹೇಳೋ ಕಂಪನಿ ನಾನು ನೋಡೇ ಇಲ್ಲ," ಎಂದು ಅವರು ಕೈಮುಗಿದು ಲಿಫ್ಟಿನ ಕಡೆ ನಡೆದರು.

ಸದಾ ತೆರೆದ ಬಾಗಿಲು

ಸಾಹೇಬರ ಬಾಗಿಲು ಸದಾ ತೆರೆದಿದ್ದರೆ ಜಗಳವೇ ಇರುವುದಿಲ್ಲ ಎಂದು ಯಾರೋ ಮ್ಯಾನೇಜರ ತಲೆಗೆ ತುಂಬಿದರು. ಅವರು ಬಡಗಿಯನ್ನು ಕರೆಸಿ ಕ್ಯಾಬಿನ್ನಿನ ಬಾಗಿಲನ್ನೇ ಕಳಚಿಸಿದರು. "ಇನ್ಮೇಲೆ ನನ್ನ ನಿಮ್ಮ ನಡುವೆ ಗುಟ್ಟಿಲ್ಲ!"

ಮಾರನೆಯ ಮಧ್ಯಾಹ್ನ ಎಡದವರೂ ಬಲದವರೂ ಒಟ್ಟಿಗೇ ಫ್ಯಾನಿನ ರೆಗ್ಯುಲೇಟರಿಗೆ ಕೈ ಹಾಕಿದರು. ದನಿ ಏರಿತು. ನಾಗಪುರ ಗ್ಯಾರಂಟಿ ಅಂದುಕೊಂಡೆ. ಆಗ ಕ್ಯಾಬಿನ್ನಿನೊಳಗಿಂದ, ಮರಾಠಿಯಲ್ಲಿ, ಫೋನಿನಲ್ಲಿ ತಾಯಿಯ ಜೊತೆ ಮಾತಾಡುತ್ತಿದ್ದ ಮ್ಯಾನೇಜರ ದನಿ:

"ಆಯಿ, ಹಾಗಲಕಾಯಿ ಪಲ್ಯ ಪೂರ್ತಿ ತಿಂದೆ... ನಿನ್ನಾಣೆ... ಇಲ್ಲ, ವಾದ ಮಾಡ್ತಿಲ್ಲ... ಹೂಂ, ಬಾಯಿ ಮುಚ್ಚಿದೆ... ಆಯಿ, ಮುಚ್ಚಿದೆ ಅನ್ನೋಕೂ ಬಾಯಿ ತೆಗೀಬೇಕಲ್ಲ!... ಒಂದು ಕಿವೀಲಿ ಫೋನಿದೆ, ಇನ್ನೊಂದನ್ನ ಹಿಡ್ಕೊಂಡಿದ್ದೀನಿ..."

ಇಣುಕಿದೆವು. ನಿಜಕ್ಕೂ ಹಿಡಿದುಕೊಂಡಿದ್ದರು.

ಸರ್ವಿಸ್ ಹೆಡ್ ಬಾಯಿಗೆ ಕರ್ಚೀಫು ತುರುಕಿಕೊಂಡರು. ಅಕೌಂಟೆಂಟ್ ನಗು ತಡೆಯಲಾರದೆ ಅವರ ಹೆಗಲಿಗೇ ಒರಗಿದರು. "ಬರ್ರಿ ಸಾಹೇಬ್ರ, ಚಾ ಕುಡ್ಯೂಣು," ಎಂದರು ಸರ್ವಿಸ್ ಹೆಡ್. ಇಬ್ಬರೂ ಜೊತೆಯಾಗಿ ಹೋದರು.

ಅಂದಿನಿಂದ ಜಗಳವಿಲ್ಲ. ಹೇಗೆ ಬಗೆಹರಿಸಿದಿರಿ ಎಂದು ಹೆಡ್ ಆಫೀಸು ಕೇಳಿದ್ದಕ್ಕೆ, "ಓಪನ್ ಕಮ್ಯುನಿಕೇಶನ್ ಸರ್" ಎಂದು ಮ್ಯಾನೇಜರು ಎದೆಯುಬ್ಬಿಸಿದರು. ಅದೂ ನಿಜವೇ. ದಿನಾ ಊಟದ ನಂತರ ಅವರ ಆಯಿಯ ಫೋನು ಬರುವ ಹೊತ್ತಿಗೆ ಇಬ್ಬರೂ ಒಮ್ಮತದಿಂದ ಫ್ಯಾನ್ ಆರಿಸುತ್ತಾರೆ. ಅದರ ಸದ್ದಿಗೆ ಒಂದೂ ಸರಿಯಾಗಿ ಕೇಳಿಸುವುದಿಲ್ಲವಂತೆ.